ಮಾಳಿಗೆ ಮೇಲೆ ಸಿನಿಮಾ

ಕಲಬುರಗಿ ಸೆಕೆಗೆ ರಾತ್ರಿ ನಿದ್ದೆ ಬರಲಿಲ್ಲ. ಮಾಳಿಗೆ ಮೇಲೆ ಚಾಪೆ ಹಾಸಿ, ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು, ಇರಾನಿನ ಒಂದು ಕಿರುಚಿತ್ರ ಹಚ್ಚಿದೆ. ಭಾಷೆ ಬರದಿದ್ದರೂ ಅವ್ವ ಪಕ್ಕದಲ್ಲಿ ಬಂದು ಕೂತಳು. ಚಿತ್ರದಲ್ಲಿ ಒಬ್ಬ ಹೆಂಗಸು ರೊಟ್ಟಿ ಮುರಿದು ಮಗುವಿನ ಬಾಯಿಗಿಟ್ಟಾಗ ‘ನೋಡು, ಆಕಿ ಇನ್ನೂ ಉಂಡಿಲ್ಲ’ ಅಂದಳು. ಸಬ್‌ಟೈಟಲ್‌ನಲ್ಲಿ ಅದು ಇರಲೇ ಇಲ್ಲ!

ಆಮೇಲೆ ಅವ್ವನಿಗೆ ಹೇಳಿದೆ, 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್ ಅನ್ನೋ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಚಿದಾನಂದ ನಾಯ್ಕ್ ಮಾಡಿದ 16 ನಿಮಿಷದ ಕನ್ನಡ ಸಿನಿಮಾಕ್ಕೆ, ಮುದುಕಿ ಹುಂಜ ಕದ್ದ ಮೇಲೆ ಊರಿಗೆ ಬೆಳಗೇ ಆಗದ ಕತೆ ಅದು ಅಂತ. ‘ಅದು ನಮ್ಮವ್ವ ಹೇಳ್ತಿದ್ದ ಕತಿನೇ ಅಲ್ಲೇನು?’ ಅಂದಳು ಅವ್ವ. ಇಂಥವನ್ನು ನಮ್ಮೂರಲ್ಲೂ ದೊಡ್ಡ ಪರದೆ ಮೇಲೆ ಜನ ಕೂಡಿ ನೋಡಬೇಕು, ಅಲ್ವಾ? ಅವ್ವ ಕತೆ ಶುರು ಮಾಡಿದಳು. ನಾನು ಸುಮ್ನೆ ರೆಕಾರ್ಡ್ ಒತ್ತಿದೆ.