ಸುರಂಗದೊಳಗಿನ ವಿಳಾಸ ಯಾವುದು?

ಎರಡು ಲಿನಕ್ಸ್ ಯಂತ್ರಗಳ ನಡುವೆ ಪ್ರಯೋಗಕ್ಕಾಗಿ ವಿಎಕ್ಸ್‌ಲ್ಯಾನ್ (ಒಂದು ಜಾಲದ ಸಂದೇಶಗಳನ್ನು ಇನ್ನೊಂದು ಜಾಲದ ಪ್ಯಾಕೆಟ್‌ಗಳೊಳಗೆ ಸುತ್ತಿ ಸಾಗಿಸುವ ವಿಧಾನ) ಸುರಂಗವೊಂದನ್ನು ಕಟ್ಟಿಕೊಂಡು, ಯಾವ ವಿಳಾಸದಿಂದ ಎಷ್ಟು ಬೈಟ್ ಹರಿಯುತ್ತದೆ ಎಂದು ಎಣಿಸುವ ಪೈಥಾನ್ ಸ್ಕ್ರಿಪ್ಟನ್ನು ಬರೆದಿದ್ದೆ. ಸುರಂಗದ ಮೂಲಕ ಹಲವು ವರ್ಚುವಲ್ ಯಂತ್ರಗಳು ಸಂಪರ್ಕದಲ್ಲಿದ್ದರೂ ವರದಿಯಲ್ಲಿ ಕಾಣಿಸಿದ್ದು ಎರಡೇ ವಿಳಾಸಗಳು. ಪ್ಯಾಕೆಟ್‌ಗಳನ್ನು ಬಿಡಿಸಿ ಓದಲು ನಾನು ಬಳಸಿದ ಸ್ಕೇಪಿ ಲೈಬ್ರರಿಯಲ್ಲಿ ದೋಷವೇನೂ ಇರಲಿಲ್ಲ. ಐಪಿ ಪದರವನ್ನು ಕೇಳಿದರೆ ಅದು ಮೊದಲು ಎದುರಾಗುವ ಐಪಿ ಹೆಡರನ್ನು (ಪ್ಯಾಕೆಟಿನ ಮುಂದಿರುವ, ವಿಳಾಸ ಹೊತ್ತ ಭಾಗವನ್ನು), ಅಂದರೆ ಸುರಂಗದ ಎರಡು ತುದಿಗಳ ವಿಳಾಸವಿರುವ ಹೊರಗಿನ ಹೆಡರನ್ನು, ಕೊಡುತ್ತದೆ.

2014ರ ಆರ್‌ಎಫ್‌ಸಿ 7348 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರಿಸುವಂತೆ ವಿಎಕ್ಸ್‌ಲ್ಯಾನ್ ಒಂದು ಇಡೀ ಈಥರ್ನೆಟ್ ಫ್ರೇಮನ್ನು (ಸ್ಥಳೀಯ ಜಾಲದ ಸಂದೇಶದ ಘಟಕವನ್ನು) ಯುಡಿಪಿ ಎಂಬ ಸರಳ ಸಾಗಣೆ ವಿಧಾನದ ಪ್ಯಾಕೆಟಿನೊಳಗೆ ಇಟ್ಟು ಕಳಿಸುತ್ತದೆ. ಹೊರಗಿನ ಈಥರ್ನೆಟ್‌ಗೆ 14, ಐಪಿಗೆ 20, ಯುಡಿಪಿಗೆ 8, ವಿಎಕ್ಸ್‌ಲ್ಯಾನ್‌ಗೆ 8 ಎಂದು ಒಟ್ಟು 50 ಬೈಟ್ ದಾಟಿದ ಮೇಲೆ ಒಳಗಿನ ಫ್ರೇಮ್ ಆರಂಭವಾಗುತ್ತದೆ. ಆದರೆ ಈ 50ನ್ನು ಕೋಡಿನಲ್ಲಿ ಸ್ಥಿರಸಂಖ್ಯೆಯಾಗಿ ಬರೆಯುವುದು ಅಪಾಯ: ಜಾಲವನ್ನು ವಿಭಾಗಿಸುವ ವಿಎಲ್ಯಾನ್ ಟ್ಯಾಗ್ ಬಂದರೆ 4 ಬೈಟ್ ಹೆಚ್ಚುತ್ತದೆ, ಹೊರಗಿನದು ಐಪಿವಿ6 ಆದರೆ ಹೆಡರ್ 40 ಬೈಟ್ ಆಗುತ್ತದೆ, ಐಪಿವಿ4ರಲ್ಲೂ ಆಪ್ಷನ್‌ಗಳಿದ್ದರೆ ಹೆಡರಿನ ಉದ್ದವನ್ನು ಅದರ ಮೊದಲ ಬೈಟಿನ ಕೆಳಗಿನ ನಾಲ್ಕು ಬಿಟ್‌ಗಳಿಂದಲೇ ತಿಳಿಯಬೇಕು. ಪೋರ್ಟಿನ ಬಗ್ಗೆಯೂ ಎಚ್ಚರ ಬೇಕು. ಮಾನಕ ಪೋರ್ಟ್ 4789 ಆಗಿದ್ದರೂ, ಪೋರ್ಟ್ ನಮೂದಿಸದೆ ಸುರಂಗ ಕಟ್ಟಿದರೆ ಲಿನಕ್ಸ್ ಕರ್ನಲ್ ಹಳೆಯ 8472ನ್ನೇ ಬಳಸುತ್ತದೆ.

ಎರಡನೆಯ ಐಪಿ ಪದರವನ್ನು ಕೊಡು ಎಂದು ಸ್ಕೇಪಿಯನ್ನು ಕೇಳುವುದು ನನಗೆ ಮೊದಲು ಹೊಳೆದ ಪರಿಹಾರ. ಹೊರಗಿನದು ಐಪಿವಿ6 ಆಗಿದ್ದರೆ ಒಳಗಿನ ಐಪಿವಿ4 ಹೆಡರೇ ಮೊದಲನೆಯದಾಗುವುದರಿಂದ ಆ ದಾರಿಯನ್ನು ಕೈಬಿಟ್ಟೆ. ಈಗ ಮೊದಲು ವಿಎಕ್ಸ್‌ಲ್ಯಾನ್ ಪದರವನ್ನು ಹಿಡಿದು, ಅದರ ಪೇಲೋಡಿನಲ್ಲಿ (ಅದು ಹೊತ್ತ ಒಳಭಾಗದಲ್ಲಿ) ಮಾತ್ರ ಐಪಿಯನ್ನು ಹುಡುಕುತ್ತೇನೆ. ಎಣಿಸುವುದರ ಜೊತೆಗೆ ಎಣಿಸಬಾರದ್ದನ್ನು ಗುರುತಿಸುವುದೂ ಇಲ್ಲಿ ಮುಖ್ಯ, ಏಕೆಂದರೆ ಒಳಗಿನ ಫ್ರೇಮ್ ಎಆರ್‌ಪಿ (ಐಪಿ ವಿಳಾಸಕ್ಕೆ ಹೊಂದುವ ಯಂತ್ರದ ವಿಳಾಸವನ್ನು ಕೇಳುವ ಸಂದೇಶ) ಆಗಿದ್ದರೆ ಐಪಿ ಹೆಡರ್ ಇರುವುದೇ ಇಲ್ಲ.

ಒಳಗಿನ ವಿಳಾಸವನ್ನು ಬದಲಿಸಿ ಮತ್ತೆ ಕಳಿಸುವುದಾದರೆ ಒಳಗಿನ ಐಪಿಯ ಜೊತೆಗೆ ಟಿಸಿಪಿ ಅಥವಾ ಯುಡಿಪಿಯ ಚೆಕ್‌ಸಮ್ಮನ್ನೂ (ದೋಷ ಪತ್ತೆಗಾಗಿ ಇಟ್ಟ ಮೊತ್ತವನ್ನೂ) ಅಳಿಸಬೇಕು, ಆಗ ಸ್ಕೇಪಿ ಪ್ಯಾಕೆಟ್ ಕಟ್ಟುವಾಗ ಅವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ.

ಕೊನೆಗೆ ವರದಿಯ ಕೀಲಿಯನ್ನೇ ಬದಲಿಸಿದೆ. ಸುರಂಗದೊಳಗಿನ ಪ್ರತಿ ಜಾಲವನ್ನು ಗುರುತಿಸುವ 24 ಬಿಟ್‌ಗಳ ವಿಎನ್‌ಐ ಸಂಖ್ಯೆ ಬೇರೆ ಬೇರೆಯಾಗಿರುವ ಎರಡು ಜಾಲಗಳಲ್ಲಿ 10.0.0.5 ಎಂಬ ಒಂದೇ ವಿಳಾಸ ಇರಬಹುದಾದ್ದರಿಂದ, ಈಗ ವಿಎನ್‌ಐ ಮತ್ತು ವಿಳಾಸ ಎರಡನ್ನೂ ಸೇರಿಸಿಯೇ ಎಣಿಸುತ್ತೇನೆ.