ಬೋರ್ ಗೇಜನ್ನು 45 ಡಿಗ್ರಿಗೂ ತಿರುಗಿಸಿ ನೋಡಿ

22 ಪಂಪ್ ಹೌಸಿಂಗ್‌ಗಳು ಗಿರಾಕಿಯಿಂದ ಟೆಂಪೋದಲ್ಲಿ ವಾಪಸ್ ಬಂದವು. ಪ್ರತಿಯೊಂದಕ್ಕೂ ಕೆಂಪು ಟ್ಯಾಗ್. 6206 ಬೇರಿಂಗ್ ಕೂರುವ 62 ಮಿ.ಮೀ. ಬೋರ್ (ತೂತು) ಸರಿಯಿಲ್ಲ, ಬೇರಿಂಗ್ ಬಿಗಿಯಾಗುತ್ತಿದೆ ಅಂತ ಚೀಟಿ.

ನಾನು ಮಂಗಳೂರಿನ ಬೈಕಂಪಾಡಿಯ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಆ ಹೌಸಿಂಗ್ ಆಗುವುದು ನಮ್ಮ ಹಳೆಯ ವಿಎಂಸಿಯಲ್ಲಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಕೊರೆಯುವ ಮೆಷಿನ್‌ನಲ್ಲಿ. ಟೂಲ್ ವೃತ್ತದಲ್ಲಿ ಸುತ್ತಿ ಬೋರ್ ಫಿನಿಶ್ ಮಾಡುತ್ತದೆ. ಆಪರೇಟರ್ ಹುಡುಗ ಬೋರ್ ಗೇಜ್ ತಂದು, ರಿಂಗ್ ಗೇಜಿನಲ್ಲಿ (ಅಳತೆ ಗೊತ್ತಿರುವ ಉಕ್ಕಿನ ಬಳೆ) ಸೊನ್ನೆ ಹಿಡಿದು, ನನ್ನೆದುರೇ ಅಳೆದ. ಎಕ್ಸ್ ದಿಕ್ಕಿಗೆ 62.006. ವೈ ದಿಕ್ಕಿಗೂ 62.006. ಡ್ರಾಯಿಂಗ್‌ನಲ್ಲಿ ಇರುವುದು ಎಚ್7, ಅಂದರೆ 62.000ರಿಂದ 62.030ರ ಒಳಗೆ ಎಲ್ಲಿದ್ದರೂ ಆಯಿತು.

"ಸರಿಯೇ ಉಂಟಲ್ಲ ಅಣ್ಣ. ಅವರು ಅಳೆದದ್ದೇ ತಪ್ಪು" ಅಂದ. ನನಗೂ ಹಾಗೇ ಅನಿಸಿತು.

ಮರುದಿನ ಅವರ ಸಿಎಂಎಂ (ಕಂಪ್ಯೂಟರ್ ಅಳತೆ ಮೆಷಿನ್) ರಿಪೋರ್ಟ್ ಬಂತು. ಎಕ್ಸ್, ವೈ ಎರಡೂ ಕಡೆ ನಮ್ಮ ಅಳತೆಯೇ. ಆದರೆ 45 ಡಿಗ್ರಿಯಲ್ಲಿ 61.996, 135 ಡಿಗ್ರಿಯಲ್ಲಿ 62.016. ಬೋರ್ ಓವಲ್ ಆಗಿತ್ತು, ಅದೂ ಸರಿಯಾಗಿ ಮೂಲೆಗೆ ವಾಲಿಕೊಂಡು. ನಾವು ಗೇಜ್ ಹಾಕುತ್ತಿದ್ದ ಎರಡೇ ಎರಡು ಜಾಗದಲ್ಲಿ ಅದು ಕಾಣುವುದೇ ಇಲ್ಲ. ಗೇಜನ್ನು 45 ಡಿಗ್ರಿ ತಿರುಗಿಸಿ ಮತ್ತೆ ಇಟ್ಟಾಗ ಮುಳ್ಳು 10 ಮೈಕ್ರಾನ್ (0.010 ಮಿ.ಮೀ.) ಕೆಳಗೆ ಹೋಗಿ ನಿಂತಿತು. ಹುಡುಗ ಏನೂ ಮಾತಾಡಲಿಲ್ಲ.

ಮೊದಲು ಸೆಖೆಯ ಮೇಲೆ ಸಂಶಯ ಬಂತು. ಶೀಟ್ ಛಾವಣಿಯ ಕೆಳಗೆ ನಮ್ಮಲ್ಲಿ 32 ಡಿಗ್ರಿ, ಅವರ ಸಿಎಂಎಂ ಕೋಣೆಯಲ್ಲಿ 20. ಅಷ್ಟು ವ್ಯತ್ಯಾಸಕ್ಕೆ 62 ಮಿ.ಮೀ. ಎರಕದ ಬೋರ್ ಸುಮಾರು 8 ಮೈಕ್ರಾನ್ ಹಿಗ್ಗುತ್ತದೆ. ಆದರೆ ನಮ್ಮ ಉಕ್ಕಿನ ರಿಂಗ್ ಗೇಜೂ ಅಲ್ಲೇ ಕೂತು ಹೆಚ್ಚುಕಡಿಮೆ ಅಷ್ಟೇ ಹಿಗ್ಗಿರುತ್ತದೆ. ಮೇಲಾಗಿ ಬಿಸಿಗೆ ತೂತು ಸುತ್ತಲೂ ಒಂದೇ ಸಮ ದೊಡ್ಡದಾಗುತ್ತದೆ, ಒಂದು ಮೂಲೆಗೆ ಎಳೆದ ಹಾಗೆ ಆಗುವುದಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು, ಅದನ್ನು ಹೇಳಿಬಿಡುತ್ತೇನೆ. ಮೆಷಿನನ್ನು ವೈ ದಿಕ್ಕಿಗೆ ಓಡಿಸುವ ಬಾಲ್ ಸ್ಕ್ರೂ ಸವೆದಿದೆ ಅಂತ ನಿರ್ಧಾರ ಮಾಡಿದೆ. ಹದಿನೈದು ವರ್ಷದ ಮೆಷಿನ್, ಇನ್ನೇನಿರುತ್ತದೆ ಅಲ್ವಾ? ಡಯಲ್ ಇಟ್ಟು ಪ್ಲೇ (ದಿಕ್ಕು ತಿರುಗುವಾಗಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್) ನೋಡುವ ತಾಳ್ಮೆಯೂ ಇರಲಿಲ್ಲ. ಫ್ಯಾನುಕ್ ಕಂಟ್ರೋಲಿನ ಪ್ಯಾರಾಮೀಟರ್ 1851, ಅಂದರೆ ಬ್ಯಾಕ್‌ಲ್ಯಾಶ್ ತುಂಬಿಕೊಡುವ ನಂಬರ್, ಅದನ್ನು ವೈಗೆ 5ರಿಂದ 12ಕ್ಕೆ ಏರಿಸಿದೆ. ಓವಲ್ ಹಾಗೇ ಉಳಿಯಿತು. ಜೊತೆಗೆ ಬೋರಿನ ಒಳಗೆ, ವೈ ದಿಕ್ಕು ತಿರುಗುವ ಎರಡು ಜಾಗದಲ್ಲಿ, ಉಗುರಿಗೆ ಸಿಗುವಂಥ ಗೆರೆ ಬಂತು. ಇಲ್ಲದ ಪ್ಲೇಗೆ ಮದ್ದು ಕೊಟ್ಟರೆ ಹೀಗೇ ಆಗುವುದು. ಅಷ್ಟರಲ್ಲಿ ಧಣಿಗಳು ಹೊಸ ಸ್ಕ್ರೂಗೆ ಕೊಟೇಶನ್ ಕೇಳಿ ಆಗಿತ್ತು. ಆ ಮೊತ್ತ ನೋಡಿ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ಯಾಲಿಬ್ರೇಶನ್ ಕೆಲಸ ಮಾಡುವ ಗೆಳೆಯನೊಬ್ಬ ಇದ್ದಾನೆ. ಅವನು ಬಾಲ್‌ಬಾರ್ ಹಿಡಿದುಕೊಂಡು ಬಂದ. ನೋಡಲಿಕ್ಕೆ ಸಣ್ಣ ಸಾಮಾನು. ಎರಡು ತುದಿಗೆ ಉಕ್ಕಿನ ಗುಂಡು, ನಡುವೆ ಉದ್ದ ಆಗುವ, ಗಿಡ್ಡ ಆಗುವ ಕಡ್ಡಿ. ಒಂದು ಗುಂಡು ಟೇಬಲ್ ಮೇಲಿನ ಮ್ಯಾಗ್ನೆಟ್ ಬಟ್ಟಲಿನಲ್ಲಿ, ಇನ್ನೊಂದು ಸ್ಪಿಂಡಲ್‌ನಲ್ಲಿ. ಮೆಷಿನ್ 100 ಮಿ.ಮೀ. ತ್ರಿಜ್ಯದ ವೃತ್ತ ಸುತ್ತುವಾಗ ಕಡ್ಡಿ ಎಷ್ಟು ಚಾಚಿತು, ಎಷ್ಟು ಕುಗ್ಗಿತು ಅನ್ನುವುದನ್ನು ಒಳಗಿನ ಸೆನ್ಸರ್ ದಾಖಲಿಸುತ್ತದೆ. ಮೆಷಿನ್‌ಗಳನ್ನು ಹೀಗೆ ಪರೀಕ್ಷಿಸಬಹುದು ಅಂತ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಬ್ರಯಾನ್ 1982ರಲ್ಲಿ ಬರೆದು ತೋರಿಸಿದ್ದರು. ಈಗ ವೃತ್ತದ ಪರೀಕ್ಷೆಗೆ ಐಎಸ್‌ಒ 230-4 ಅಂತ ಮಾನದಂಡವೇ ಇದೆ.

ಎಫ್1000 ಫೀಡಿನಲ್ಲಿ (ನಿಮಿಷಕ್ಕೆ 1000 ಮಿ.ಮೀ. ವೇಗ) ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿಸಿದ. ಲ್ಯಾಪ್‌ಟಾಪಿನಲ್ಲಿ ಎರಡು ಗೆರೆ ಬಂತು. ಎಡಸುತ್ತಿನದ್ದು 135 ಡಿಗ್ರಿ ಕಡೆ ವಾಲಿದ ಓವಲ್. ಬಲಸುತ್ತಿನದ್ದು 45 ಡಿಗ್ರಿ ಕಡೆ. ಎರಡೂ ಸೇರಿ ಇಂಟು ಚಿಹ್ನೆಯ ಹಾಗೆ ಕಾಣುತ್ತಿತ್ತು.

"ಸ್ಕ್ರೂ ಬಿಚ್ಚಲಿಕ್ಕೆ ಹೋಗ್ಬೇಡ ಮಾರಾಯ" ಅಂದ.

ಆ ಎರಡು ಗೆರೆಯನ್ನು ಓದುವುದು ಹೇಗೆ ಅಂತ ಅವತ್ತು ಕಲಿತೆ. ಎಕ್ಸ್ ಮತ್ತು ವೈ ನಡುವೆ ಮೂಲೆಮಟ್ಟ (90 ಡಿಗ್ರಿ) ತಪ್ಪಿದ್ದರೆ ಎರಡೂ ಸುತ್ತಿನಲ್ಲಿ ಓವಲ್ ಒಂದೇ ಕಡೆ ವಾಲುತ್ತದೆ. ಕಬ್ಬಿಣದಲ್ಲಿರುವ ದೋಷ, ಯಾವ ಕಡೆ ಸುತ್ತಿದರೂ ಬದಲಾಗುವುದಿಲ್ಲ. ಬ್ಯಾಕ್‌ಲ್ಯಾಶ್ ಇದ್ದರೆ ಆಕ್ಸಿಸ್ ದಿಕ್ಕು ತಿರುಗುವಲ್ಲಿ ಮೆಟ್ಟಿಲು ಕಾಣುತ್ತದೆ. ಸುತ್ತು ಬದಲಿಸಿದಾಗ ಓವಲ್ ಕೂಡ ಮಗ್ಗುಲು ಬದಲಿಸಿದರೆ ದೋಷ ಸರ್ವೋದಲ್ಲಿ, ಅಂದರೆ ಆಕ್ಸಿಸ್ ಓಡಿಸುವ ಮೋಟಾರಿನ ಕಂಟ್ರೋಲಿನಲ್ಲಿ. ಫೀಡ್ ಅರ್ಧ ಮಾಡಿದ, ಓವಲೂ ಅರ್ಧ ಆಯಿತು. ಮೂಲೆಮಟ್ಟದ ದೋಷ ಆಗಿದ್ದರೆ ಫೀಡಿಗೆ ಅದು ಕೇರ್ ಮಾಡುತ್ತಿರಲಿಲ್ಲ.

ಆಕ್ಸಿಸ್ ಯಾವತ್ತೂ ಕಂಟ್ರೋಲ್ ಹೇಳಿದ ಜಾಗಕ್ಕಿಂತ ಸ್ವಲ್ಪ ಹಿಂದೆ ಓಡುತ್ತದೆ. ಎಷ್ಟು ಹಿಂದೆ ಅನ್ನುವುದು ಪ್ಯಾರಾಮೀಟರ್ 1825ರ ಗೇನ್ ಮೇಲೆ. ಗೇನ್ ಕಮ್ಮಿಯಾದಷ್ಟು ಹಿಂದೆ ಬೀಳುವುದು ಜಾಸ್ತಿ. ಎರಡೂ ಒಂದೇ ಸಮ ಹಿಂದಿದ್ದರೆ ವೃತ್ತ ವೃತ್ತವಾಗಿಯೇ ಬರುತ್ತದೆ. ಕಂಬಳದ ಕೋಣದ ಜೋಡಿ ಇದ್ದ ಹಾಗೆ, ಒಂದು ಹೆಜ್ಜೆ ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ. ನಮ್ಮ ಮೆಷಿನ್‌ನಲ್ಲಿ ಎಕ್ಸ್‌ಗೆ 3000, ವೈಗೆ 2900 ಇತ್ತು.

ಇದನ್ನು ನೋಡಲಿಕ್ಕೆ ಬಾಲ್‌ಬಾರೂ ಬೇಕಾಗಿರಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ. ನಮ್ಮ ಫ್ಯಾನುಕ್ ಕಂಟ್ರೋಲಿನಲ್ಲಿ ಡಯಾಗ್ನೋಸಿಸ್ 300 ತೆರೆದು, ಜಿ01ನಲ್ಲಿ (ನೇರ ಗೆರೆಯ ಓಟ) ಎಫ್1000 ಹಾಕಿ ಎಕ್ಸ್ ಒಂದನ್ನೇ ಓಡಿಸಿದರೆ ಸುಮಾರು 555 ತೋರಿಸುತ್ತಿತ್ತು. ವೈ ಓಡಿಸಿದರೆ 575. ಮೈಕ್ರಾನ್ ಲೆಕ್ಕದಲ್ಲಿ ಅಷ್ಟು ಹಿಂದೆ ಅಂತ ಅರ್ಥ. ಬೋರ್ ಫಿನಿಶ್ ಮಾಡುತ್ತಿದ್ದದ್ದು ಎಫ್500ರಲ್ಲಿ, ಅಲ್ಲಿ ವ್ಯತ್ಯಾಸ ಸುಮಾರು 10. 45 ಡಿಗ್ರಿಯ ವ್ಯಾಸ ಅಷ್ಟು ಕಮ್ಮಿ, 135ರದ್ದು ಅಷ್ಟು ಜಾಸ್ತಿ. ಸಿಎಂಎಂ ರಿಪೋರ್ಟಿನ ಅಂಕಿಗೆ ಸರಿಯಾಗಿ ಕೂತಿತು. ಒಂದು ಮಾತು ನೆನಪಿರಲಿ: ಫೀಡ್ ಫಾರ್ವರ್ಡ್ (ಹಿಂದೆ ಬೀಳುವುದನ್ನು ಮುಂಚೆಯೇ ಸರಿದೂಗಿಸುವ ವ್ಯವಸ್ಥೆ) ಆನ್ ಇರುವ ಹೊಸ ಮೆಷಿನ್‌ಗಳಲ್ಲಿ ಈ ಲೆಕ್ಕ ಹೀಗೆ ನೇರವಾಗಿ ಸಿಗುವುದಿಲ್ಲ.

2900 ಎಲ್ಲಿಂದ ಬಂತು? ಆಯುಧಪೂಜೆಗೆ ಮೆಷಿನ್ ಒರೆಸಿ, ಸೇವಂತಿಗೆ ಹಾರ ಹಾಕಿ, ಮೇನ್ ಆಫ್ ಮಾಡಿ ನಾಲ್ಕು ದಿನ ರಜೆ ಹೋಗಿದ್ದೆವು. ಅದಕ್ಕೂ ಮೊದಲು ಎಷ್ಟೋ ದಿನದಿಂದ ಪರದೆಯ ಕೆಳಗೆ ಬ್ಯಾಟರಿ ಎಚ್ಚರಿಕೆ ಮಿನುಗುತ್ತಿತ್ತು. ನಾಳೆ ಹಾಕುವ ಅಂತ ನಾನೇ ಬಿಟ್ಟಿದ್ದೆ. ರಜೆ ಮುಗಿಸಿ ಬರುವಾಗ ಮೆಮೊರಿ ಖಾಲಿ. ಕಪಾಟಿನಲ್ಲಿದ್ದ ಹಳೇ ಕಾರ್ಡಿನಿಂದ ಪ್ಯಾರಾಮೀಟರ್ ತುಂಬಿಸಿದೆವು, ಮೆಷಿನ್ ಓಡಿತು, ಎಲ್ಲರಿಗೂ ಸಮಾಧಾನ ಆಯಿತು. ಆ ಕಾರ್ಡಿನಲ್ಲಿ ವೈ ಗೇನ್ 2900. ಯಾರೋ ಎಂದೋ ವೈ ನಡುಗುತ್ತದೆ ಅಂತ ಇಳಿಸಿದ್ದಿರಬೇಕು, ಅದು ಹಾಗೇ ಬ್ಯಾಕಪ್ ಆಗಿತ್ತು.

ವೈಯನ್ನು 3000 ಮಾಡಿದೆವು. ನಡುಕ ಬರುತ್ತದಾ ಅಂತ ಟೇಬಲ್ ಮೇಲೆ ಕೈ ಇಟ್ಟು ತುಂಬಾ ಹೊತ್ತು ನೋಡಿದೆ, ಬರಲಿಲ್ಲ. 1851 ಮತ್ತೆ 5ಕ್ಕೆ ಬಂತು. ಬಾಲ್‌ಬಾರ್ ಇನ್ನೊಮ್ಮೆ ಸುತ್ತಿಸಿದಾಗ ಎರಡೂ ಗೆರೆ ಒಂದರ ಮೇಲೊಂದು ಕೂತವು. ಅವತ್ತೇ ಕಂಟ್ರೋಲ್ ಆನ್ ಇಟ್ಟುಕೊಂಡು ಹೊಸ ಬ್ಯಾಟರಿ ಹಾಕಿದೆ. ಆಫ್ ಮಾಡಿ ಹಳೆಯದನ್ನು ತೆಗೆದರೆ ಮೆಮೊರಿ ಮತ್ತೆ ಹೋದೀತು. ಹೊಸ ಬ್ಯಾಕಪ್ ಎರಡು ಪ್ರತಿ ಮಾಡಿ, ಹಳೇ ಕಾರ್ಡನ್ನು ಆಫೀಸಿಗೆ ಕೊಟ್ಟೆ.

ಬಾಲ್‌ಬಾರ್ ಸಿಗದವರು ಒಂದು ಗುಜರಿ ತುಂಡಿನಲ್ಲಿ ಎರಡು ತೂತು ಮಾಡಿ ನೋಡಬಹುದು. ಒಂದು ಜಿ02ನಲ್ಲಿ (ಬಲಸುತ್ತು), ಇನ್ನೊಂದು ಜಿ03ನಲ್ಲಿ (ಎಡಸುತ್ತು), ಫೀಡ್ ಒಂದೇ. ಕಟಿಂಗ್ ದಿಕ್ಕು ಬೇರೆ ಆದ್ದರಿಂದ ಸೈಜ್ ಸ್ವಲ್ಪ ಹೆಚ್ಚುಕಮ್ಮಿ ಬಂದೀತು, ಅದನ್ನು ಬಿಡಿ. ಓವಲ್ ಯಾವ ಕಡೆ ವಾಲಿದೆ ಅನ್ನುವುದನ್ನಷ್ಟೇ ನೋಡಿ.

22 ಹೌಸಿಂಗ್‌ಗಳೂ ಉಳಿದವು. ಎಚ್7ನಲ್ಲಿ ಇನ್ನೂ ಜಾಗ ಇತ್ತು. ಒಂದೊಂದನ್ನೂ ಡಯಲ್ ಹಾಕಿ ಸೆಂಟರ್ ಹಿಡಿದು, 62.024ಕ್ಕೆ ಫಿನಿಶ್ ಹೊಡೆದೆವು. ಎರಡು ದಿನ ಹಿಡಿಯಿತು. ಹುಡುಗ ಪ್ರತಿ ಹೌಸಿಂಗ್ ಮುಖದ ಮೇಲೆ ಚಾಕ್‌ನಿಂದ ನಾಲ್ಕು ಗೆರೆ ಎಳೆದು, ನಾಲ್ಕು ಕಡೆಯೂ ಗೇಜ್ ಹಾಕಿ, ನಾಲ್ಕು ಅಂಕಿಯನ್ನೂ ಪುಸ್ತಕದಲ್ಲಿ ಬರೆದ. ನಾನು ಹೇಳಿರಲಿಲ್ಲ.