ನೀರು ತುಂಬುವ ಹಬ್ಬದ ಬೆಳದಿಂಗಳು

ಬುಧವಾರ ಬಂತೆಂದರೆ ನನಗೆ ಪರೀಕ್ಷೆ. ಧಾರಾವಾಹಿಯ ಕಂತು ಗುರುವಾರ ಬೆಳಿಗ್ಗೆ ಹನ್ನೊಂದರೊಳಗೆ ವಾರಪತ್ರಿಕೆಯ ಕಚೇರಿಗೆ ಮುಟ್ಟಬೇಕು. ಅದಕ್ಕೂ ಮುಂಚೆ, ಬುಧವಾರ ಊಟವಾದ ಮೇಲೆ, ನಮ್ಮತ್ತೆಯ ಮುಂದೆ ಓದಿ ಪಾಸಾಗಬೇಕು. ಎರಡೂ ಕಣ್ಣಿಗೆ ಪೊರೆ ತೆಗೆಸಿದ ಮೇಲೂ ಅಚ್ಚಿನ ಅಕ್ಷರ ಕುಣಿಯುತ್ತವೆ ಅನ್ನುತ್ತಾರೆ. ಕಿವಿ ಮಾತ್ರ ಪಕ್ಕದ ಮನೆಯ ಕುಕ್ಕರ್ ವಿಷಲ್ ಎಣಿಸುವಷ್ಟು ಚುರುಕು.

ಇದು ಎರಡು ವರ್ಷದ ಹಿಂದಿನ ಡಿಸೆಂಬರಿನ ಮಾತು. ಆಗ ನಡೆಯುತ್ತಿದ್ದ ಕಾದಂಬರಿ ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ್ದು. ತೋಟದ ಹಳೇ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಬಾವಿಕಟ್ಟೆಯ ಹತ್ತಿರ ಕೊಲೆಯಾಗಿ ಬಿದ್ದಿರುತ್ತಾನೆ. ತೋಟದ ಯಜಮಾನ ಅಶ್ವಿನ್ ಮೇಲೆ ನಾಯಕಿ ವಿಭಾಗೆ ಪ್ರೀತಿ. ಜೊತೆಗೆ, ಇವನೇ ಮಾಡಿರಬಹುದಾ ಅಂತ ಒಂದು ಸಣ್ಣ ಅನುಮಾನ. ನಾನು ಬರೆಯುವುದೆಲ್ಲ ಹೆಚ್ಚುಕಡಿಮೆ ಇದೇ ಅಚ್ಚಿನದು. ಕೆಲವರು ಇದನ್ನು ಪ್ರೇಮಕತೆಗೆ ಪತ್ತೇದಾರಿಯ ಒಗ್ಗರಣೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪ್ರೀತಿ ಒಬ್ಬನ ಮೇಲೆ, ಅನುಮಾನ ಇನ್ನೊಬ್ಬನ ಮೇಲೆ ಇದ್ದರೆ ಅದು ಬರೀ ಪತ್ತೇದಾರಿ. ಎರಡೂ ಒಬ್ಬನ ಮೇಲೇ ಇರಬೇಕು, ಅವನ ಕೈಯಲ್ಲಿ ಕಾಫಿ ಲೋಟ ತೆಗೆದುಕೊಳ್ಳುವಾಗ ಅವಳ ಬೆರಳು ಅರೆಕ್ಷಣ ತಡೆಯಬೇಕು.

ನಾನು ಬರೆಯುವುದು ಬೆಳಗಿನ ನಾಲ್ಕೂವರೆಯಿಂದ ಹಾಲಿನವನು ಬರುವ ತನಕ. ಊಟದ ಮೇಜೇ ಬರೆಯುವ ಮೇಜು. ಗೆರೆ ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಹಗಲು ಹೊತ್ತು ಕಂಪ್ಯೂಟರಿನ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಪಾತ್ರಗಳಿಗೆ ಹೆಸರು ಬೇಕಾದಾಗ ಬೀರುವಿನ ಮೇಲಿರುವ ಲಗ್ನಪತ್ರಿಕೆಗಳ ಡಬ್ಬ ಇಳಿಸುತ್ತೇನೆ. ನನ್ನ ಮೂವರು ಖಳನಾಯಕರು ಯಾರದೋ ಮದುವೆಯಲ್ಲಿ 'ತಮ್ಮ ಸುಖಾಗಮನ ಬಯಸುವವರು' ಆಗಿದ್ದವರು. ಇನ್ನೊಂದು ಅಭ್ಯಾಸ, ಇದನ್ನು ಹೇಳಲೇಬೇಕು: ಕತೆಯನ್ನೆಲ್ಲ ನೀಲಿ ಪೆನ್ನಿನಲ್ಲಿ ಬರೆದರೂ ಸುಳಿವಿನ ಸಾಲುಗಳನ್ನು ಹಸಿರು ಪೆನ್ನಿನಲ್ಲಿ ಬರೆಯುತ್ತೇನೆ. ಬಾಗಿಲ ಚಿಲಕ, ಬಸ್ಸಿನ ವೇಳೆ, ಯಾರ ಕೈಗೆ ಗಾಯ, ಎಲ್ಲ ಹಸಿರು. ಕೊನೆಯ ಕಂತಿಗೆ ಮುಂಚೆ ಹಸಿರನ್ನಷ್ಟೇ ಓದಿದರೆ ಲೆಕ್ಕ ತಾಳೆಯಾಗಬೇಕು. ಗೃಹಿಣಿಯ ಕಿರಾಣಿ ಲೆಕ್ಕದ ಬುದ್ಧಿ, ಇನ್ನೇನಲ್ಲ.

ಆ ಬುಧವಾರ ಹದಿಮೂರನೆಯ ಕಂತು. ಅತ್ತೆ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತಕುತ್ತಿದ್ದರು. ಕಾಳಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಓದುತ್ತಾ ಹೋದ ಹಾಗೆ ಆ ಪುಳಕ್ ಪುಳಕ್ ಸದ್ದೇ ನನ್ನ ಮಾರ್ಕ್ಸ್ ಕಾರ್ಡು. ಸದ್ದು ನಿಧಾನವಾದರೆ ಕತೆ ಹಿಡಿದಿದೆ ಎಂದು, ಜೋರಾದರೆ ಬೇಜಾರು ಬಂದಿದೆ ಎಂದು. 'ಹಾಲು ಚೆಲ್ಲಿದಂಥ ಆ ಬೆಳದಿಂಗಳಲ್ಲಿ ಕಂಡ ಮುಖ ವಿಭಾಳ ಕಣ್ಣಿಗೆ ಮತ್ತೆ ಕಟ್ಟಿತು' ಎಂದು ಓದಿದೆ. ಸದ್ದು ನಿಂತೇಹೋಯಿತು.

"ಯಾವ ಬೆಳ್ದಿಂಗಳೇ?"

"ಅದೇ ಅತ್ತೆ, ಕೊಲೆಯಾದ ರಾತ್ರಿ. ಹೋದ ಕಂತಲ್ಲಿ ಬಂದಿತ್ತಲ್ಲ. ಓ, ಆ ವಾರ ನೀವು ನಂಜನಗೂಡಿಗೆ ಹೋಗಿದ್ರಿ."

"ಕೊಲೆ ಆಗಿದ್ದು ದೀಪಾವಳಿಯ ನೀರು ತುಂಬೋ ಹಬ್ಬದ ರಾತ್ರಿ ತಾನೆ? ಹಂಡೆ ಉಜ್ಜಿ ಹಾಗಲಬಳ್ಳಿ ಕಟ್ಟಿದ್ದು ನೀನೇ ಓದಿದ್ಯಲ್ಲ?"

"ಹೌದು."

"ಅಲ್ಲ ಕಣೇ, ಬಹುಳ ತ್ರಯೋದಶಿ ರಾತ್ರಿ ಹತ್ತು ಗಂಟೆಗೆ ಬೆಳ್ದಿಂಗಳು ಎಲ್ಲಿಂದ ತಂದೆ? ಚಂದ್ರ ಹುಟ್ಟೋದೇ ಬೆಳಗಿನ ಜಾವಕ್ಕೆ. ಹುಟ್ಟಿದ್ರೂ ಉಗುರಿನಷ್ಟು."

ನನ್ನ ಹೊಟ್ಟೆಯೊಳಗೆ ಏನೋ ಕಳಚಿ ಬಿದ್ದ ಹಾಗಾಯಿತು. ಹಿಂದಿನ ಕಂತುಗಳ ಹಾಳೆ ತೆಗೆದು ನೋಡಿದೆ. ಹಬ್ಬದ ದಿನ ಹಸಿರಿನಲ್ಲಿತ್ತು. ಬೆಳದಿಂಗಳ ಸಾಲು ನೀಲಿಯಲ್ಲಿ. ನಾನು ಅದನ್ನು ಸುಳಿವೆಂದು ಬರೆದೇ ಇರಲಿಲ್ಲ, ಅಲಂಕಾರಕ್ಕೆಂದು ಬರೆದಿದ್ದೆ. ಎರಡು ದಿನಕ್ಕೆ ಅಮಾವಾಸ್ಯೆ ಇಟ್ಟುಕೊಂಡು ಹಾಲು ಚೆಲ್ಲಿದ್ದೆ!

ಪತ್ರಿಕೆಗೆ ಫೋನ್ ಮಾಡಿದೆ. "ಹನ್ನೆರಡನೇ ಕಂತು ಅಚ್ಚಾಗಿ ಅಂಗಡಿಗೂ ಹೋಯ್ತಲ್ಲ ಮೇಡಂ" ಎಂದರು, ಪಾಪ, ನಯವಾಗಿಯೇ.

ಡ್ಯಾಫ್ನಿ ಡು ಮೋರಿಯೆ ಎಂಬ ಇಂಗ್ಲಿಷ್ ಲೇಖಕಿಯ ಮೇಲೆ ಆ ಹೊತ್ತಿನಲ್ಲಿ ಬಂದಷ್ಟು ಹೊಟ್ಟೆಕಿಚ್ಚು ನನಗೆ ಇನ್ಯಾವತ್ತೂ ಬಂದಿಲ್ಲ. ಗಂಡನನ್ನು ಪ್ರೀತಿಸುತ್ತಲೇ ಅವನ ಮನೆಯಲ್ಲಿ ನಡುಗುವ, ಕಡೆಯವರೆಗೂ ಹೆಸರೇ ಇಲ್ಲದ ನಾಯಕಿಯನ್ನು 1938ರ 'ರೆಬೆಕ್ಕಾ'ದಲ್ಲಿ ಸೃಷ್ಟಿಸಿದವರು. ನನ್ನ ಮೆಚ್ಚಿನ ಪುಸ್ತಕಗಳಲ್ಲಿ ಅದಕ್ಕೆ ಮೊದಲ ಮಣೆ. ಗಂಡನ ಸೇನೆಯ ಕೆಲಸದಿಂದಾಗಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದಾಗ ಅದನ್ನು ಶುರುಮಾಡಿ, ಬರೆದದ್ದು ಸರಿಬರಲಿಲ್ಲವೆಂದು ಸುಮಾರು 15,000 ಪದ ಹರಿದೆಸೆದರಂತೆ. ಅವರಿಗೇನು, ಹರಿದೆಸೆಯಬಹುದಿತ್ತು. ಧಾರಾವಾಹಿ ಬರೆಯುವವಳ ತಪ್ಪು ಮಂಗಳವಾರದ ಹೊತ್ತಿಗೆ ಸಲೂನಿನ ಬೆಂಚಿನ ಮೇಲಿರುತ್ತದೆ.

"ಟಾರ್ಚ್ ಹಾಕಿಬಿಡೇ" ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ. ಹಾಲು ಚೆಲ್ಲಿದಂಥ ಟಾರ್ಚು!

ಆ ಮಧ್ಯಾಹ್ನ ಮೂರು ಸಲ ಕಾಫಿ ಕುಡಿದೆ. ಕಾಫಿಯಿಂದ ಕತೆ ಹುಟ್ಟುತ್ತದೆ ಅನ್ನುವುದು ಸುಳ್ಳು, ಎದೆಯುರಿ ಹುಟ್ಟುತ್ತದೆ ಅಷ್ಟೆ. ಕಪಾಟಿನ ಮುಂದೆ ಸುಮ್ಮನೆ ನಿಂತೆ. ಒಂದು ಸಾಲಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಪಕ್ಕದಲ್ಲೇ ತ್ರಿವೇಣಿ. ಸ್ಕೂಲಿನಲ್ಲಿದ್ದಾಗ ಬಾಡಿಗೆ ಪುಸ್ತಕದಂಗಡಿಯಿಂದ ನರಸಿಂಹಯ್ಯನವರನ್ನು ನಾನು ತರುತ್ತಿದ್ದೆ, ತ್ರಿವೇಣಿಯನ್ನು ಅಮ್ಮ, ರಾತ್ರಿ ಅದಲುಬದಲು. ನಾಲ್ಕನೇ ಕ್ಲಾಸಿನವರೆಗಷ್ಟೇ ಓದಿದ್ದ ನರಸಿಂಹಯ್ಯನವರಿಂದ ಅಧ್ಯಾಯವನ್ನು ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಕಲಿತೆ. ಮನಶ್ಶಾಸ್ತ್ರ ಓದಿದ್ದ, 1963ರಲ್ಲಿ ಚಿಕ್ಕ ವಯಸ್ಸಿಗೇ ತೀರಿಹೋದ, ನಮ್ಮ ಮೈಸೂರಿನವರೇ ಆದ ತ್ರಿವೇಣಿಯಿಂದ ಕಲಿತದ್ದು ಬೇರೆ: ಹೆಂಗಸು ಒಂದು ಮಾತು ಹೇಳಿದಳೆಂದರೆ, ಅದನ್ನು ಯಾಕೆ ಹೇಳಿದಳು ಅಂತ ಕೇಳು.

ಯಾಕೆ ಹೇಳಿದಳು?

ಹನ್ನೆರಡನೇ ಕಂತಿನ ಹಾಳೆ ಮತ್ತೆ ಕೈಗೆತ್ತಿಕೊಂಡೆ. ಪುಣ್ಯಕ್ಕೆ ಬೆಳದಿಂಗಳನ್ನು ಕಂಡವಳು ಕತೆಗಾರ್ತಿ ನಾನಲ್ಲ. ಆ ಸಾಲು ವಿಭಾ ಇನ್ಸ್‌ಪೆಕ್ಟರಿಗೆ ಕೊಟ್ಟ ಹೇಳಿಕೆಯೊಳಗಿತ್ತು. ಹಾಲಿನಂಥ ಬೆಳದಿಂಗಳಿತ್ತು, ಓಡಿಹೋದವನು ಕೆಲಸ ಬಿಡಿಸಿದ್ದ ಹಳೇ ಮ್ಯಾನೇಜರ್, ಮುಖ ಸ್ಪಷ್ಟವಾಗಿ ಕಂಡೆ ಎಂದಿದ್ದಳು. ಹಾಗಾದರೆ ತಪ್ಪು ನನ್ನದೇ ಆಗಿರಬೇಕಾಗಿಲ್ಲ. ಅವಳು ಸುಳ್ಳು ಹೇಳಿರಬಹುದು.

ಎಂದೋ ಓದಿದ್ದ ಒಂದು ಮೊಕದ್ದಮೆ ಆಗ ನೆನಪಿಗೆ ಬಂತು. 1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಬಿಯರ್ಡ್ಸ್‌ಟೌನ್ ಕೋರ್ಟಿನಲ್ಲಿ ಅಬ್ರಹಾಂ ಲಿಂಕನ್, ಆಗಿನ್ನೂ ವಕೀಲರು, ಡಫ್ ಆರ್ಮ್‌ಸ್ಟ್ರಾಂಗ್ ಎಂಬ ಕೊಲೆ ಆರೋಪಿಯ ಪರ ನಿಂತಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ ಬೆಳದಿಂಗಳಲ್ಲಿ ಎಲ್ಲ ಕಂಡೆ ಎಂದ ಸಾಕ್ಷಿಯಿಂದ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿ, ಆಮೇಲೆ ಅವರ ಕಡೆಯ ಪಂಚಾಂಗ, ಆಲ್ಮನಾಕ್, ತೆಗೆದು ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ ಎಂದು ತೋರಿಸಿದರು. ಆರೋಪಿ ಬಿಡುಗಡೆಯಾದ. ಅಂದರೆ ಅತ್ತೆ ಆ ಮಧ್ಯಾಹ್ನ ಅವರೆಕಾಳು ಹಿತಕುತ್ತಾ ಮಾಡಿದ್ದು ಲಿಂಕನ್ ಮಾಡಿದ ಪಾಟೀ ಸವಾಲನ್ನೇ.

ವಿಭಾ ಯಾಕೆ ಸುಳ್ಳು ಹೇಳಿದಳು ಅಂತ ಒಂದು ಸಲ ಕೇಳಿಕೊಂಡದ್ದೇ, ಮಿಕ್ಕದ್ದೆಲ್ಲ ಸರಸರನೆ ಬಂತು. ಅವಳು ಯಾರ ಮುಖವನ್ನೂ ನೋಡಿಲ್ಲ. ಕತ್ತಲಲ್ಲಿ ಕೇಳಿದ್ದು ಹೆಜ್ಜೆಯ ಸದ್ದು, ಒಂದು ಕಾಲು ಎಳೆದ ಹಾಗೆ. ಅಶ್ವಿನ್ ಜೀಪಿನಿಂದ ಬಿದ್ದು ಕಾಲು ನೋಯಿಸಿಕೊಂಡದ್ದು ಆರನೇ ಕಂತಿನಲ್ಲೇ ಇತ್ತು, ಹಸಿರಿನಲ್ಲಿ. ಅವನೇ ಅಂದುಕೊಂಡು ಅವನನ್ನು ಉಳಿಸಲು ಇನ್ನೊಬ್ಬನ ಮುಖಕ್ಕೆ ಬೆಳದಿಂಗಳು ಸುರಿದಿದ್ದಾಳೆ. ಅಲ್ಲಿಯವರೆಗೆ ಅನುಮಾನಪಟ್ಟು ಅಳುವುದನ್ನು ಬಿಟ್ಟರೆ ಅವಳಿಗೆ ಕೆಲಸವೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಹನ್ನೆರಡು ಕಂತು ಬರೆದ ನನಗೇ ಅವಳು ಸ್ವಲ್ಪ ಸಪ್ಪೆ ಅನಿಸಿದ್ದಳು. ಈಗ ತಾನು ಕೊಲೆಗಾರನೆಂದು ನಂಬಿದವನಿಗಾಗಿ ಸುಳ್ಳು ಸಾಕ್ಷಿ ಹೇಳಿದವಳು! ಮಾರನೆಯ ಬೆಳಿಗ್ಗೆ ಮೂರೂವರೆಗೇ ಎದ್ದು ಇಡೀ ಹದಿಮೂರನೇ ಕಂತನ್ನು ಹೊಸದಾಗಿ ಬರೆದೆ. ಅದಕ್ಕೂ ಮುಂಚೆ ಹಳೇ ಹಾಳೆಯ ಆ ನೀಲಿ ಸಾಲಿನ ಮೇಲೆ ಹಸಿರು ಪೆನ್ನಿನಿಂದ ತಿದ್ದಿದೆ. ಹಾಳೆ ತೂತಾಯಿತು.

ಆ ವಾರ ಪತ್ರಿಕೆಗೆ ಬಂದ ಓದುಗರ ಪತ್ರಗಳಲ್ಲಿ ಎರಡು ಬೆಳದಿಂಗಳ ಬಗ್ಗೆಯೇ ಇದ್ದವು. ಒಂದಂತೂ 'ಲೇಖಕಿಯವರು ಕ್ಯಾಲೆಂಡರ್ ಖರೀದಿಸುವುದು ಒಳ್ಳೆಯದು' ಎಂದಿತ್ತು. ಹದಿನಾಲ್ಕನೇ ಕಂತು ಬರಲಿ, ಆಮೇಲೆ ನೋಡಿ ಎಂದು ಒಳಗೊಳಗೇ ನಕ್ಕೆ. ಕಳ್ಳನಗು, ಒಪ್ಪುತ್ತೇನೆ.

ಆ ಕಂತಿನಲ್ಲಿ ಸುಳ್ಳನ್ನು ಹಿಡಿಯುವುದು ಇನ್ಸ್‌ಪೆಕ್ಟರ್ ಅಲ್ಲ, ಅವನ ತಾಯಿ. ಹಬ್ಬ ಕಳೆದ ನಾಲ್ಕನೇ ದಿನ ಮಗ ಊಟಕ್ಕೆ ಕೂತಾಗ ಆಕೆ ಅಡುಗೆಮನೆಯಲ್ಲಿ ಅವರೆಕಾಳು ಹಿತಕುತ್ತಾ, ಪುಳಕ್ಕನೆ ಬೇಳೆ ಹಾರಿಸುತ್ತಾ, ಯಾವ ಬೆಳದಿಂಗಳಪ್ಪಾ ಎಂದು ಕೇಳುತ್ತಾರೆ. ಬುಧವಾರ ಅದನ್ನು ಅತ್ತೆಗೆ ಬಹಳ ಹೆಮ್ಮೆಯಿಂದ ಓದಿದೆ. ತಮ್ಮನ್ನು ಗುರುತಿಸಿಕೊಂಡು ಖುಷಿಪಟ್ಟಾರು ಎಂದು ಮುಖ ನೋಡಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ಎಲ್ಲ ಚೆನ್ನಾಗಿದೆ ಕಣೇ. ಆದ್ರೆ ದೀಪಾವಳಿಗೆ ಅವರೆಕಾಯಿ ಎಲ್ಲಿ ಬರತ್ತೆ?"

ಹಸಿರು ಪೆನ್ನು ತಂದು ಅವರೆಕಾಳು ಹೊಡೆದುಹಾಕಿ, ಇನ್ಸ್‌ಪೆಕ್ಟರ ತಾಯಿಯ ಕೈಗೆ ಹಾಗಲಕಾಯಿ ಕೊಟ್ಟೆ.